ಮೊದಲು ಅನುವಾದ, ಆಮೇಲೆ ವಾದ

‘ವಿತಂಡವಾದ ಮಾಡಬೇಡ’ ಎಂದು ಬೈಯುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: ‘ನನಗೆ ಎದುರಾಡಬೇಡ’. ಪದದ ಅರ್ಥ ಅದಲ್ಲ. ತರ್ಕಶಾಸ್ತ್ರದ ಹಳೆಯ ಸಂಸ್ಕೃತ ಗ್ರಂಥವಾದ ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ನೋಡುತ್ತದೆ. ನಿಜ ಯಾವುದೆಂದು ತಿಳಿಯಲು ಇಬ್ಬರೂ ಸೇರಿ ಮಾಡುವುದು ವಾದ. ಗೆಲ್ಲಲೇಬೇಕೆಂದು ಮಾಡುವುದು ಜಲ್ಪ. ಅಲ್ಲಿ ಮಾತಿನ ಮೋಸಕ್ಕೂ ಜಾಗವಿದೆ. ತನ್ನದೊಂದು ಪಕ್ಷವನ್ನು ಮುಂದಿಡದೆ ಎದುರಿನವರದನ್ನು ಮಾತ್ರ ಕೆಡವುತ್ತಾ ಹೋಗುವುದು ವಿತಂಡ. ಈ ಅಳತೆಗೋಲು ಹಿಡಿದರೆ, ‘ಹೀಗೆ ಬೇಡ, ಹಾಗೆ ಮಾಡೋಣ’ ಎನ್ನುವ ಕಿರಿಯ ಸೊಸೆ ಮಾಡುತ್ತಿರುವುದು ವಾದ. ಬಂದ ಸಲಹೆಗೆಲ್ಲ ‘ಅದೆಲ್ಲ ಆಗಲ್ಲ’ ಎಂದು ಕೈಯಾಡಿಸುವ ಮನೆಯ ಯಜಮಾನರದೇ ವಿತಂಡ.

ಒಪ್ಪದಿರುವುದನ್ನು ಕಲಿಯಬೇಕೆನ್ನುವವರು ಮೊದಲು ಬಿಡಬೇಕಾದದ್ದು ‘ಮೃದುವಾಗಿ ಮಾತಾಡಿದರೆ ಸಾಕು’ ಎಂಬ ನಂಬಿಕೆಯನ್ನು. ಮೃದುವಾಗಿ ಮಾತಾಡುತ್ತಲೇ ಎದುರಿನವರ ಮಾತನ್ನು ಒಂದಿಷ್ಟೂ ಕೇಳಿಸಿಕೊಳ್ಳದವರು ಬೇಕಾದಷ್ಟಿದ್ದಾರೆ. ದನಿ ಏರಿಸಿಯೂ ಎದುರಿನವರ ಮಾತಿಗೆ ನ್ಯಾಯ ಸಲ್ಲಿಸುವವರೂ ಇದ್ದಾರೆ. ಗೌರವ ಇರುವುದು ದನಿಯಲ್ಲಿ ಅಷ್ಟಾಗಿ ಅಲ್ಲ, ಅನುವಾದದಲ್ಲಿ.

ಅನುವಾದ ಎಂದರೆ ಇಂದು ನಮಗೆ ಭಾಷಾಂತರ. ಶಾಸ್ತ್ರದ ಬಳಕೆಯಲ್ಲಿ ಅದಕ್ಕೆ ‘ಹೇಳಿದ್ದನ್ನು ಹಿಂದೆಯೇ ಮತ್ತೆ ಹೇಳುವುದು’ ಎಂಬ ಅರ್ಥ. ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಮೊದಲು ಅನುವಾದ ಮಾಡಬೇಕು, ಖಂಡನೆ ಆಮೇಲೆ. ಇದು ಶಿಷ್ಟಾಚಾರದ ಮಾತಲ್ಲ, ಆಟದ ನಿಯಮ. ನ್ಯಾಯಸೂತ್ರದ ಐದನೆಯ ಅಧ್ಯಾಯದಲ್ಲಿ 22 ನಿಗ್ರಹಸ್ಥಾನಗಳ ಪಟ್ಟಿಯಿದೆ. ಅಂದರೆ ಚರ್ಚೆಯಲ್ಲಿ ಸೋಲು ತರುವ ತಪ್ಪುಗಳು. ಅವುಗಳಲ್ಲಿ ಒಂದರ ಹೆಸರು ಅನನುಭಾಷಣ. ಎದುರಾಳಿ ಮೂರು ಸಲ ಹೇಳಿದ್ದಾನೆ, ಸಭೆಗೆ ಅರ್ಥವಾಗಿದೆ, ಆದರೂ ಅದನ್ನು ತಿರುಗಿ ಹೇಳಲು ನಿಮಗಾಗುತ್ತಿಲ್ಲ ಎಂದರೆ ನೀವು ಸೋತಿರಿ. ನಿಮ್ಮ ಉತ್ತರ ಎಷ್ಟು ಚೆನ್ನಾಗಿತ್ತು ಎನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಇದನ್ನು ನೀರಿನ ಬಿಲ್ಲಿನ ಮೇಲೆ ಇಟ್ಟು ನೋಡೋಣ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಎಂದುಕೊಳ್ಳಿ, 60 ಮನೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ತಿಂಗಳಿಗೆ 90,000 ರೂಪಾಯಿ. ಸಮನಾಗಿ ಹಂಚಿದರೆ ಮನೆಗೆ 1,500. ಇಬ್ಬರೇ ಇರುವ ಮನೆಯವರು ‘ಇದು ಅನ್ಯಾಯ, ಮೀಟರ್ ಹಾಕಿಸಿ’ ಎನ್ನುತ್ತಾರೆ. ಆರು ಜನರಿರುವ ಮನೆಯವರು ‘ಇಷ್ಟು ವರ್ಷ ಇಲ್ಲದ್ದು ಈಗೇಕೆ’ ಎನ್ನುತ್ತಾರೆ. ಹತ್ತು ನಿಮಿಷದಲ್ಲಿ ಮಾತು ‘ನಿಮ್ಮ ಮನೆಯ ಕಾರು ತೊಳೆಯೋ ನೀರು ಎಲ್ಲಿಂದ ಬರುತ್ತೆ ಸಾರ್’ ಎಂಬಲ್ಲಿಗೆ ಬಂದು ನಿಂತಿರುತ್ತದೆ.

ಇಲ್ಲಿ ಅನುವಾದ ಮಾಡುವುದು ಹೇಗೆ? ಎದುರಿನವರು ಮುಗಿಸುವವರೆಗೆ ಬಾಯಿ ತೆರೆಯಬಾರದು. ಮುಗಿಸಿದ ಮೇಲೂ ಮನಸ್ಸಿನಲ್ಲೇ ಮೂರು ಎಣಿಸಿ, ಏಕೆಂದರೆ ಎಷ್ಟೋ ಜನ ನಿಜವಾದ ಕಾರಣವನ್ನು ಕೊನೆಯ ವಾಕ್ಯದ ನಂತರ ಹೇಳುತ್ತಾರೆ. ಆಮೇಲೆ ಎರಡು ಅಥವಾ ಮೂರು ವಾಕ್ಯ, ಅದಕ್ಕಿಂತ ಹೆಚ್ಚು ಬೇಡ: ‘ನೀವು ಹೇಳ್ತಿರೋದನ್ನ ನಾನು ಹೀಗೆ ಹಿಡ್ಕೊಂಡಿದ್ದೀನಿ. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾರೆ, ನೀರು ಜಾಸ್ತಿ ಖರ್ಚಾಗೋದು ದುಂದಿನಿಂದ ಅಲ್ಲ. ಮೀಟರ್ ಬಂದ್ರೆ ಅದಕ್ಕೆ ದಂಡ ಕಟ್ಟಿದ ಹಾಗಾಗುತ್ತೆ ಅಂತ. ತಪ್ಪಿದ್ರೆ ತಿದ್ದಿ.’ ಇಲ್ಲಿಗೆ ನಿಲ್ಲಿಸಬೇಕು. ಅವರು ‘ಹೌದು’ ಎನ್ನಬೇಕು. ‘ಹೌದು, ಆದ್ರೆ ಇನ್ನೊಂದು...’ ಎಂದರೆ ಇನ್ನೂ ಒಳ್ಳೆಯದು, ಆ ಇನ್ನೊಂದೇ ಬಹುಶಃ ಮುಖ್ಯವಾದದ್ದು. ಈ ‘ಹೌದು’ ಸಿಗುವವರೆಗೆ ನಿಮ್ಮ ವಾದದ ಸರದಿ ಬಂದಿಲ್ಲ.

ಕೆಡುವುದು ಮೂರು ಕಡೆ. ಒಂದು, ಎದುರಿನವರ ಮಾತನ್ನು ಅವರು ಹೇಳಿದ್ದಕ್ಕಿಂತ ಪೆದ್ದಾಗಿ ಹೇಳುವುದು. ‘ಅಂದ್ರೆ ನಿಮ್ಮ ಪ್ರಕಾರ...’ ಎಂದು ಶುರುವಾದ ಅನುವಾದ ನಮ್ಮ ಕಿವಿಗೆ ಅಣಕವಾಗಿಯೇ ಕೇಳುತ್ತದೆ; ಆ ಪದಗಳನ್ನೇ ಬಿಟ್ಟುಬಿಡಿ. ಇನ್ನೊಂದು, ಅನುವಾದದೊಳಗೇ ಉತ್ತರವನ್ನು ತುರುಕುವುದು: ‘ನೀವು ಹೇಳೋದು ಖರ್ಚು ಜಾಸ್ತಿ ಅಂತ, ಅದು ಸರಿಯಲ್ಲ ಅನ್ನೋದು ಬೇರೆ ವಿಷಯ.’ ಮೂರನೆಯದು, ಗಿಳಿಪಾಠ. ಅವರ ವಾಕ್ಯವನ್ನು ಅಕ್ಷರ ಬಿಡದೆ ಒಪ್ಪಿಸಿದರೆ ಕೇಳಿದ್ದೀರಿ ಎಂದಾಯಿತೇ ಹೊರತು ತಿಳಿದುಕೊಂಡಿದ್ದೀರಿ ಎಂದಾಗಲಿಲ್ಲ. ಅವರು ಹೇಳದ ಕಾರಣವೊಂದನ್ನು, ಅವರಿಗೆ ಅನುಕೂಲವಾಗುವ ಒಂದನ್ನು, ನೀವೇ ಸೇರಿಸಲು ಬಂದರೆ ಅನುವಾದ ಹದಕ್ಕೆ ಬಂತು ಎಂದರ್ಥ.

ಅನುವಾದ ಸರಿಯಾಗಿ ಆದಾಗ ಆಗುವ ಒಂದು ಲಾಭವನ್ನು ಜನ ಗಮನಿಸುವುದಿಲ್ಲ. ಎಲ್ಲಿ ಭಿನ್ನತೆ ಇದೆಯೆಂದುಕೊಂಡಿದ್ದರೋ ಅಲ್ಲಿ ಇರುವುದೇ ಇಲ್ಲ. ಮೇಲಿನ ಜಗಳವನ್ನೇ ಬಿಡಿಸಿ ನೋಡಿ. ‘ನೀರು ಉಳಿಸಬೇಕು’ ಎಂಬಲ್ಲಿ ಇಬ್ಬರೂ ಒಂದೇ. ‘ಬಳಸಿದಷ್ಟಕ್ಕೆ ದುಡ್ಡು’ ನ್ಯಾಯವೋ ‘ಎಲ್ಲರೂ ಸಮ’ ನ್ಯಾಯವೋ ಎಂಬಲ್ಲಿ ನಿಜವಾದ ಭೇದವಿದೆ. ಮೀಟರ್ ಹಾಕಲು ಎಷ್ಟಾಗುತ್ತದೆ ಎನ್ನುವುದು ಭೇದವಲ್ಲ, ಪ್ಲಂಬರನ್ನು ಕೇಳಬೇಕಾದ ಪ್ರಶ್ನೆ. ಹಳೆಯ ಕಟ್ಟಡಗಳಲ್ಲಿ ಅಡುಗೆಮನೆಗೆ ಒಂದು, ಒಂದೊಂದು ಬಚ್ಚಲಿಗೆ ಒಂದೊಂದು ಎಂದು ಮೇಲಿನ ಟ್ಯಾಂಕಿನಿಂದ ಬೇರೆಬೇರೆ ಪೈಪು ಇಳಿದಿರುತ್ತದೆ. ಒಂದು ಮನೆಗೆ ಒಂದು ಮೀಟರ್ ಸಾಲದು, ಮೂರು ನಾಲ್ಕು ಬೇಕು. ಅಂಥ ಕಟ್ಟಡದಲ್ಲಿ ಇದನ್ನು ತಿಳಿಯದೆ ನ್ಯಾಯ ಅನ್ಯಾಯದ ಮೇಲೆ ಒಂದೂವರೆ ಗಂಟೆ ಕೂಗಾಡಿದರೆ ಗಂಟಲು ನೋಯುತ್ತದೆ, ಅಷ್ಟೇ. ಸಂಗತಿಯ ಭೇದಕ್ಕೆ ಮಾಹಿತಿ ಬೇಕು, ದಾರಿಯ ಭೇದಕ್ಕೆ ಪ್ರಯೋಗ ಬೇಕು (ಒಂದು ಬ್ಲಾಕಿನಲ್ಲಿ ಮೂರು ತಿಂಗಳು ಹಾಕಿ ನೋಡಬಹುದು), ಮೌಲ್ಯದ ಭೇದಕ್ಕೆ ಕೊನೆಗೆ ಮತವೋ ಕೊಡುಕೊಳ್ಳುವಿಕೆಯೋ ಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕಾಯಿಲೆ ಹೆಚ್ಚುತ್ತದೆ.

ಭೇದದ ಜಾಗವನ್ನು ಇಷ್ಟು ಸಣ್ಣದಾಗಿ ಗುರುತಿಸಿ ಅಲ್ಲಿ ಮಾತ್ರ ನಿಲ್ಲುವುದಕ್ಕೆ ಒಳ್ಳೆಯ ಮಾದರಿ ನ್ಯಾಯಾಲಯದ ಭಿನ್ನ ತೀರ್ಪುಗಳಲ್ಲಿ ಸಿಗುತ್ತದೆ. 2016ರ ನೋಟು ರದ್ದತಿಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಜನವರಿ 2ರಂದು 4:1ರಲ್ಲಿ ಎತ್ತಿಹಿಡಿಯಿತು. ಒಪ್ಪದ ಒಬ್ಬರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಸರ್ಕಾರದ ಉದ್ದೇಶ ಕೆಟ್ಟದ್ದೆಂದು ಅವರು ಹೇಳಲಿಲ್ಲ. ಸದುದ್ದೇಶವೇ ಎಂದು ಸ್ಪಷ್ಟವಾಗಿ ಒಪ್ಪಿಕೊಂಡರು. ಅವರ ತಕರಾರು ದಾರಿಯದ್ದು: ಪ್ರಸ್ತಾವ ಕೇಂದ್ರ ಸರ್ಕಾರದಿಂದ ಹೊರಟಿದ್ದರಿಂದ ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ನೇ ಸೆಕ್ಷನ್ನಿನಡಿ ಬರೀ ಅಧಿಸೂಚನೆ ಸಾಲದು, ಸುಗ್ರೀವಾಜ್ಞೆಯೋ ಸಂಸತ್ತಿನ ಕಾಯ್ದೆಯೋ ಬೇಕಿತ್ತು ಎಂದು. ಆಗಿಹೋದದ್ದನ್ನು ಹಿಂದಕ್ಕೆ ತಿರುಗಿಸಲಾಗದು ಎಂಬುದನ್ನೂ ಸೇರಿಸಿದರು. ಉದ್ದೇಶ ಒಪ್ಪಿತು, ವಿಧಾನ ಒಪ್ಪಲಿಲ್ಲ, ಪರಿಹಾರ ಇಷ್ಟಕ್ಕೆ ಸೀಮಿತ. ಮನೆಯಲ್ಲಿ ಮದುವೆ ಖರ್ಚಿನ ಮಾತು ಬಂದಾಗ ‘ನಿಮಗೆ ಮಗಳ ಮೇಲೆ ಪ್ರೀತಿ ಇಲ್ಲ’ ಎಂದೂ ‘ನಿನಗೆ ದುಡ್ಡಿನ ಬೆಲೆ ಗೊತ್ತಿಲ್ಲ’ ಎಂದೂ ಇಬ್ಬರೂ ನೇರ ಉದ್ದೇಶಕ್ಕೇ ಕೈ ಹಾಕುತ್ತಾರಲ್ಲ, ಅದರ ಪಕ್ಕ ಇಟ್ಟು ನೋಡಿ.

ಕನ್ನಡದ್ದೇ ಆದ ಕೆಲವು ಸೂಕ್ಷ್ಮಗಳಿವೆ. ‘ಹಾಗಲ್ಲ’ ಎಂಬ ಪದದಿಂದ ಮಾತು ಶುರುಮಾಡುವ ಚಟ ನಮ್ಮಲ್ಲಿ ಬಹಳ ಜನರಿಗಿದೆ. ಒಪ್ಪುವಾಗಲೂ ‘ಹಾಗಲ್ಲ, ನೀವು ಹೇಳಿದ್ದು ಸರಿ’ ಎನ್ನುತ್ತಾರೆ! ಕೇಳಿದವರಿಗೆ ‘ಅಲ್ಲ’ ಮಾತ್ರ ಉಳಿಯುತ್ತದೆ. ‘ನೀವು ಹೇಳೋದು ಸರಿ, ಆದ್ರೆ’ ಎಂಬುದೂ ಅಷ್ಟೇ. ಆ ‘ಆದ್ರೆ’ ಬಂದ ಕೂಡಲೇ ಹಿಂದಿನ ‘ಸರಿ’ ಸುಳ್ಳಾಯಿತು. ಎಷ್ಟು ಸರಿ ಎಂದು ಹೇಳಿ ಪೂರ್ಣವಿರಾಮ ಹಾಕಿ: ‘ಟ್ಯಾಂಕರ್ ರೇಟು ಏರಿದೆ ಅನ್ನೋದನ್ನ ಒಪ್ತೀನಿ. ಹಂಚೋ ರೀತಿ ಒಪ್ಪಲ್ಲ.’ ಎರಡು ಬೇರೆ ವಾಕ್ಯ. ಎರಡಕ್ಕೂ ಬೆಲೆ ಉಳಿಯುತ್ತದೆ.

ಸರ್ವನಾಮವಂತೂ ಥರ್ಮಾಮೀಟರು. ನೆರೆಯವರ ಜೊತೆ ‘ನೀವು’ ಹೋಗಿ ‘ನೀನು’ ಬಂದರೆ ಜಗಳ ಹತ್ತಿತೆಂದು ಎಲ್ಲರಿಗೂ ಗೊತ್ತು. ಆಪ್ತರಲ್ಲಿ ಇದು ತಿರುಗುಮುರುಗು. ದಿನಾ ‘ನೀನು’ ಎನ್ನುವವರು ಒಮ್ಮೆಲೆ ‘ನೀವು ದೊಡ್ಡವರು, ನೀವು ಹೇಳಿದ ಹಾಗೇ ಆಗಲಿ’ ಎಂದರೆ ಅದು ಬಯ್ಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ. ಮಾಮೂಲಿ ಏನಿದೆಯೋ ಅದನ್ನೇ ಕೊನೆಯವರೆಗೆ ಉಳಿಸಿಕೊಳ್ಳಿ. ಹಿರಿಯರ ಮಾತಿಗೆ ನಾಲ್ಕು ಜನರೆದುರು ‘ತಪ್ಪು’ ಎನ್ನಬೇಕಾಗಿ ಬಂದರೆ ‘ಒಂದು ಮಾತು ಹೇಳ್ಲಾ?’ ಎಂಬ ಅನುಮತಿಗೆ ಇಂದಿಗೂ ಬಲವಿದೆ, ಆದರೆ ಅದನ್ನು ಕೇಳಿ ಉತ್ತರಕ್ಕೆ ಕಾಯಬೇಕು. ಕೇಳುತ್ತಲೇ ಮುಂದುವರಿಸಿದರೆ ಅದು ಅನುಮತಿಯಲ್ಲ, ಎಚ್ಚರಿಕೆ. ಇನ್ನು ‘ಎಲ್ಲರೂ ಹೀಗೇ ಹೇಳ್ತಾರೆ’, ‘ಯಾರೋ ಅಂತಿದ್ರು’ ಎಂದು ನಿಮ್ಮ ಅಭಿಪ್ರಾಯಕ್ಕೆ ಬೇರೆಯವರ ಹೆಗಲು ಹುಡುಕಬೇಡಿ. ‘ನನಗೆ ಹೀಗನ್ನಿಸುತ್ತೆ’ ಎನ್ನಿ. ಎದುರಿನವರಿಗೆ ಒಬ್ಬರೊಡನೆ ಮಾತಾಡುವುದು ಸುಲಭ, ಕಾಣದ ಗುಂಪಿನೊಡನೆ ಕಷ್ಟ.

ನಿಗ್ರಹಸ್ಥಾನಗಳ ಪಟ್ಟಿಗೆ ಮತ್ತೆ ಹೋಗೋಣ, ಏಕೆಂದರೆ ಎಲ್ಲೆಲ್ಲಿ ಎಡವುತ್ತೇವೆ ಎಂಬುದಕ್ಕೆ ಅದಕ್ಕಿಂತ ಚುರುಕಾದ ಪಟ್ಟಿ ಸಿಗುವುದು ಕಷ್ಟ. ಅರ್ಥಾಂತರ: ನೀರಿನ ಮಾತಿನ ನಡುವೆ ಪಾರ್ಕಿಂಗ್ ತರುವುದು. ಪ್ರತಿಜ್ಞಾಂತರ: ‘ಮೀಟರೇ ಬೇಡ’ ಎಂದು ಶುರುಮಾಡಿದವರು ಪ್ರಶ್ನೆ ಬಂದ ಕೂಡಲೇ ‘ನಾನು ಹೇಳಿದ್ದು ಈ ವರ್ಷ ಬೇಡ ಅಂತ’ ಎಂದು ಜಾರುವುದು. ನಿಲುವು ಬದಲಿಸುವುದು ತಪ್ಪಲ್ಲ. ಬದಲಿಸಿಲ್ಲವೆಂದು ನಟಿಸುವುದು ತಪ್ಪು. ‘ಈಗ ನನ್ನ ಮಾತು ಸ್ವಲ್ಪ ಬದಲಾಯಿಸ್ತಿದ್ದೀನಿ’ ಎಂದರೆ ಮುಗಿಯಿತು, ಯಾರೂ ನಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಮತಾನುಜ್ಞಾ. ‘ನೀವು ಮೂರು ತಿಂಗಳಿಂದ ಮೇಂಟೆನೆನ್ಸ್ ಕಟ್ಟಿಲ್ಲ’ ಎಂದರೆ ‘ಕಾರ್ಯದರ್ಶಿಗಳು ಲೆಕ್ಕ ಕೊಟ್ಟಿದ್ದಾರಾ?’ ಎನ್ನುವುದು. ನಿನ್ನಲ್ಲೂ ಅದೇ ದೋಷ ಇದೆ ಎಂದು ತಿರುಗಿಸುವುದರ ಒಳಗೆ ‘ನನ್ನಲ್ಲಿ ದೋಷ ಇರುವುದು ನಿಜ’ ಎಂಬ ಒಪ್ಪಿಗೆ ಅಡಗಿದೆ; ಹೆಸರಿನ ಅರ್ಥವೂ ಎದುರಿನವರ ಮತಕ್ಕೆ ಒಪ್ಪಿಗೆ ಕೊಟ್ಟಂತೆ ಎಂದೇ. ಟಿವಿಯ ರಾಜಕೀಯ ಚರ್ಚೆಗಳಲ್ಲಿ ಬೇರೇನೂ ನಡೆಯುವುದೇ ಇಲ್ಲ ಎನ್ನಿಸುವಷ್ಟು ಇದು ಬೆಳೆದಿದೆ. ಎದುರಿಸುವ ದಾರಿ: ‘ಅದನ್ನೂ ಬರ್ಕೋತೀವಿ, ಎರಡನೇ ವಿಷಯ. ಮೊದಲಿನದಕ್ಕೆ ಏನಂತೀರಿ?’ ನಿಜವಾಗಿಯೂ ಬರೆದುಕೊಳ್ಳಬೇಕು, ನಿಜವಾಗಿಯೂ ಎರಡನೆಯದಾಗಿ ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಸಲ ನಿಮ್ಮನ್ನು ಯಾರೂ ನಂಬುವುದಿಲ್ಲ.

ಇದರ ಜೊತೆಗೆ ಛಲ. ಕನ್ನಡದ ಛಲ ಅಲ್ಲ, ನ್ಯಾಯಶಾಸ್ತ್ರದ ಛಲ: ಮಾತಿನ ಅರ್ಥವನ್ನು ಬೇಕೆಂದೇ ತಿರುಚುವುದು. ಹಳೆಯ ಉದಾಹರಣೆ ತಮಾಷೆಯಾಗಿದೆ. ‘ಈ ಹುಡುಗ ನವಕಂಬಳದವನು’ ಎಂದು ಒಬ್ಬ ಹೇಳಿದ, ಹೊಸ ಕಂಬಳಿ ಹೊದ್ದಿದ್ದಾನೆ ಎಂಬ ಅರ್ಥದಲ್ಲಿ. ಇನ್ನೊಬ್ಬ, ‘ಒಂಬತ್ತು ಎಲ್ಲಿವೆ, ಇರೋದು ಒಂದೇ ಅಲ್ವಾ’ ಎಂದ. ನಗು ಬರುತ್ತದೆ ನಿಜ, ಆದರೆ ನಮ್ಮ ವಾಟ್ಸಾಪ್ ಜಗಳಗಳಲ್ಲಿ ಅರ್ಧದಷ್ಟು ಈ ಒಂಬತ್ತು ಕಂಬಳಿಗಳೇ.

ಇದೆಲ್ಲ ಪುಸ್ತಕದ ಮಾತಾಯಿತು ಎನ್ನುವವರು ಮಳೆಗಾಲದಲ್ಲಿ ಕರಾವಳಿಗೋ ಮಲೆನಾಡಿಗೋ ಹೋಗಿ ಒಂದು ತಾಳಮದ್ದಳೆ ಕೇಳಬೇಕು. ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ಆ ತಿಂಗಳುಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ ಕೂತಲ್ಲೇ ನಡೆಯುವ ಆಟ ಅದು. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಅದಕ್ಕೆ ಅಲ್ಲೇ ಮಾತು ಕಟ್ಟುತ್ತಾರೆ. ಬರೆದ ಸಂಭಾಷಣೆ ಇಲ್ಲ. ವಾಲಿವಧೆ ಎಂದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ಕೇಳುತ್ತಾನೆ: ನಿನಗೂ ನನಗೂ ಏನು ವೈರ? ಮರೆಯಲ್ಲಿ ನಿಂತು ಏಕೆ ಹೊಡೆದೆ? ರಾಮ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯನ್ನು ಎದುರಿಸುವುದೆಂದರೆ ರಾಮನ ಅರ್ಥ ಹೇಳುವವರಿಗೆ ಸುಲಭದ ತುತ್ತಾಗಿರಲಿಲ್ಲ.

ಗಮನಿಸಬೇಕಾದ್ದು ಏನೆಂದರೆ, ಫಲಿತಾಂಶ ಮೊದಲೇ ಗೊತ್ತು. ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಸಾಯಲೇಬೇಕು, ಪದ್ಯ ಹಾಗಿದೆ. ಹಾಗಾಗಿ ಕೇಳುಗರು ನೋಡುವುದು ಯಾರು ಗೆದ್ದರು ಎಂದಲ್ಲ, ಪ್ರಶ್ನೆಗೆ ಸಮನಾದ ಉತ್ತರ ಬಂತೇ ಎಂದು. ಎದುರಿನವರಿಗೆ ಮಾತಿಗೆ ಅವಕಾಶವನ್ನೇ ಕೊಡದ ಅರ್ಥಧಾರಿ ಎಷ್ಟೇ ಪಂಡಿತನಾದರೂ ಕೂಟ ಕಳೆಗಟ್ಟುವುದಿಲ್ಲ. ಪ್ರಶ್ನೆಯನ್ನು ಹಾರಿಸಿ ತನ್ನ ಕಂಠಪಾಠದ ಪೀಠಿಕೆಯನ್ನು ಮುಂದುವರಿಸುವವರನ್ನು ರಸಿಕರು ಕೂಡಲೇ ಗುರುತಿಸುತ್ತಾರೆ. ಪಾತ್ರವನ್ನು ಬಿಟ್ಟು ಎದುರು ಕೂತ ಮನುಷ್ಯನ ಮೇಲೆ ಚಾಟಿ ಬೀಸುವುದು ದೊಡ್ಡ ಕೊರತೆ. ಮಾತು ಹಾದಿ ತಪ್ಪಿತು ಎನಿಸಿದರೆ ಭಾಗವತರ ಕೈಯಲ್ಲಿ ಒಂದು ಅಸ್ತ್ರವಿದೆ: ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಬೈಯಬೇಕಿಲ್ಲ, ‘ಸಮಯವಾಯಿತು’ ಎನ್ನಬೇಕಿಲ್ಲ. ಮದ್ದಳೆ ಶುರುವಾದರೆ ಇಬ್ಬರೂ ಸುಮ್ಮನಾಗಲೇಬೇಕು.

ಸಂಘದ ಸಭೆಗೆ ಬೇಕಿರುವುದು ಇಂಥ ಭಾಗವತರು. ಅಧ್ಯಕ್ಷರು ಒಂದು ಪಕ್ಷ ವಹಿಸಿದ್ದರೆ ಆ ವಿಷಯದ ಮಟ್ಟಿಗೆ ಕುರ್ಚಿಯನ್ನು ಬೇರೆಯವರಿಗೆ ಕೊಡಲಿ. ವಿಷಯವನ್ನು ಒಂದು ವಾಕ್ಯದಲ್ಲಿ, ‘ಹೌದು’ ಅಥವಾ ‘ಇಲ್ಲ’ ಎನ್ನಲು ಬರುವಂತೆ ಬೋರ್ಡಿನ ಮೇಲೆ ಬರೆಯಲಿ. ‘ನೀರಿನ ಸಮಸ್ಯೆ’ ಎಂದು ಬರೆದರೆ ಊರೆಲ್ಲ ಸುತ್ತಿ ಬರುತ್ತಾರೆ. ‘ಜೂನ್ 1ರಿಂದ ಎ ಬ್ಲಾಕಿನಲ್ಲಿ ಮೂರು ತಿಂಗಳು ಪ್ರಯೋಗಕ್ಕೆ ಮೀಟರ್ ಹಾಕಬೇಕೆ?’ ಎಂದರೆ ಮಾತಿಗೆ ದಂಡೆ ಸಿಗುತ್ತದೆ. ಒಬ್ಬರಿಗೆ ಮೂರು ನಿಮಿಷ, ಅದರ ಮೊದಲ ಅರ್ಧ ನಿಮಿಷ ಹಿಂದೆ ಮಾತಾಡಿದವರ ಅನುವಾದಕ್ಕೆ. ಮೊದಲ ಸಲ ಜನ ಮುಜುಗರದಿಂದ ನಗುತ್ತಾರೆ. ನಗಲಿ. ಮಾತಾಡದೆ ಹಿಂದೆ ಕೂತವರನ್ನು ಮತಕ್ಕೆ ಮುಂಚೆ ಒಮ್ಮೆ ಕೇಳಿ, ಆದರೆ ‘ಯಾರಿಗಾದರೂ ಆಕ್ಷೇಪ ಇದೆಯಾ?’ ಎಂದಲ್ಲ, ಅದಕ್ಕೆ ಮೌನವೇ ಉತ್ತರ. ‘ಇದರಲ್ಲಿ ಯಾರಿಗೆ ತೊಂದರೆ ಆಗಬಹುದು?’ ಎಂದು ಕೇಳಿದರೆ ಬಾಯಿ ಬಿಡುತ್ತಾರೆ.

ಮತ ಮುಗಿದ ಮೇಲೆ ಸೋತವರ ಮಾತನ್ನು ನಡಾವಳಿಯಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಕಡಿಮೆ. ‘ಬಹುಮತದಿಂದ ಅಂಗೀಕರಿಸಲಾಯಿತು’ ಎಂದು ಮುಗಿಸುತ್ತಾರೆ. ಎರಡು ಸಾಲು ಸಾಕು: ಎಷ್ಟು ಜನ ಒಪ್ಪಲಿಲ್ಲ, ಯಾವ ಕಾರಣಕ್ಕೆ. ಆ ಸಾಲನ್ನು ಒಪ್ಪದವರೇ ಬರೆದುಕೊಡಲಿ, ಕಾರ್ಯದರ್ಶಿಯ ಕೈಯಲ್ಲಿ ಅದು ಬಣ್ಣ ಬದಲಾಯಿಸುತ್ತದೆ. ತಮ್ಮ ಮಾತು ದಾಖಲಾಯಿತು ಎಂದಾದರೆ ಮೆಟ್ಟಿಲ ಮೇಲೆ ನಿಂತು ಅದನ್ನೇ ಮತ್ತೆ ಮತ್ತೆ ಹೇಳುವ ಒತ್ತಡ ಇಳಿಯುತ್ತದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧನವನ್ನು ಪ್ರಶ್ನಿಸುವ ಹಕ್ಕಿನ ಪ್ರಕರಣದಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಐವರಲ್ಲಿ ಒಬ್ಬರೇ ಬೇರೆ ಬರೆದರು. ಬಹುಮತದ ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 41 ವರ್ಷದ ಮೇಲೆ, 2017ರ ಖಾಸಗಿತನದ ಪ್ರಕರಣದಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖನ್ನಾ ಬರೆದಿಡದೆ ಬರೀ ಗೊಣಗಿದ್ದರೆ ಮುಂದಿನವರಿಗೆ ಹಿಡಿಯಲು ಏನೂ ಇರುತ್ತಿರಲಿಲ್ಲ.

ಮನೆಯಲ್ಲಿ ಇದನ್ನು ಅಭ್ಯಾಸ ಮಾಡುವವರಿಗೆ ತಾಳಮದ್ದಳೆಯದೇ ಒಂದು ಕ್ರಮ ಹೊಂದುತ್ತದೆ. ಇವತ್ತು ರಾಮನ ಅರ್ಥ ಹೇಳಿದವರು ಇನ್ನೊಂದು ಕೂಟದಲ್ಲಿ ವಾಲಿಯ ಅರ್ಥ ಹೇಳಬೇಕಾಗುತ್ತದೆ. ಹಾಗೆಯೇ ಸಣ್ಣ ವಿಷಯ ತೆಗೆದುಕೊಳ್ಳಿ: ರಜೆಗೆ ಅಜ್ಜಿ ಮನೆಗೋ ಬೇರೆ ಊರಿಗೋ. ಐದು ನಿಮಿಷ ತಮ್ಮ ಪಕ್ಷ, ಆಮೇಲೆ ಐದು ನಿಮಿಷ ಪಕ್ಷ ಅದಲುಬದಲು. ದುಡ್ಡು, ಆಸ್ತಿ, ಮದುವೆ ಇವುಗಳಿಂದ ಶುರುಮಾಡಬೇಡಿ, ಆಟ ಆಟವಾಗಿ ಉಳಿಯುವುದಿಲ್ಲ. ಮಕ್ಕಳು ದೊಡ್ಡವರಿಗಿಂತ ಬೇಗ ಪಕ್ಷ ಬದಲಿಸುತ್ತಾರೆ. ದೊಡ್ಡವರು ಎರಡನೇ ಸುತ್ತಿನಲ್ಲಿ ಬೇಕೆಂದೇ ಕೆಟ್ಟದಾಗಿ ವಾದಿಸುತ್ತಾರೆ. ಅದಕ್ಕೆ ಮಕ್ಕಳೇ ತೀರ್ಪುಗಾರರಾಗಲಿ.

ಎಲ್ಲ ಮಾಡಿದರೂ ಒಂದು ಹಂತದಲ್ಲಿ ರಕ್ತ ಬಿಸಿಯಾಗುತ್ತದೆ. ಆಗ ನಿಲ್ಲಿಸಲೇಬೇಕು, ಆದರೆ ನಿಲ್ಲಿಸುವುದಕ್ಕೂ ರೀತಿಯಿದೆ. ‘ಒಲೆ ಮೇಲೆ ಹಾಲಿಟ್ಟಿದ್ದೀನಿ’, ‘ಆಫೀಸ್ ಕಾಲ್ ಇದೆ’ ಎಂದು ನೆಪ ಹೇಳಿ ಏಳುವುದಕ್ಕೂ ಆ ಹಳೆಯ ಪಟ್ಟಿಯಲ್ಲಿ ಹೆಸರಿದೆ, ವಿಕ್ಷೇಪ. ಅದೂ ಸೋಲೇ. ನೆಪ ಬೇಡ, ಕಾರಣ ಹೇಳಿ, ಹೊತ್ತು ಹೇಳಿ: ‘ಈಗ ನನಗೆ ಸಿಟ್ಟು ಬರ್ತಿದೆ, ಸರಿಯಾಗಿ ಕೇಳಿಸ್ಕೊಳ್ಳೋಕೆ ಆಗ್ತಿಲ್ಲ. ನಾಳೆ ಕಾಫಿ ಆದ್ಮೇಲೆ ಮುಂದುವರಿಸೋಣ.’ ಮರುದಿನ ಕಾಫಿಯ ಹೊತ್ತಿಗೆ ವಿಷಯವನ್ನು ಎತ್ತಬೇಕಾದವರು ಎದ್ದು ಹೋದವರೇ. ಎತ್ತುವಾಗ ಮೊದಲ ವಾಕ್ಯ, ‘ನಿನ್ನೆ ನೀವು ಹೇಳಿದ್ದು ಇಷ್ಟು, ಅಲ್ವಾ?’